ತಿಳಿ ಅಳಿಯನಿಗೆ, ಗಸಿ ನನಗೆ

ಜೂನ್ 3, ಸೋಮವಾರ

ಇವತ್ತು ನಮ್ಮ ಲ್ಯಾಬಿಗೆ ಅಳಿಯ ಬಂದ. ಆ ಹೆಸರಿಟ್ಟವಳು ನಾನೇ. ಬಂದ ದಿನವೇ ಏಸಿ ರೂಮು, ಹೊಸ ಮೇಜು, ಕರೆಂಟು ಹೋದರೂ ಆರದಂತೆ ಪಕ್ಕದಲ್ಲೊಂದು ಬ್ಯಾಟರಿ, ಧೂಳು ಬೀಳದಂತೆ ಮೇಲೊಂದು ಹೊದಿಕೆ. ಇಪ್ಪತ್ತೊಂಬತ್ತು ವರ್ಷ ದುಡಿದ ನಾನು ನೆಟ್ಟಗೆ ತಿರುಗುವ ಫ್ಯಾನು ಕೇಳಿದರೆ "ನೋಡೋಣಮ್ಮ" ಎನ್ನುವ ಆಸ್ಪತ್ರೆ ಈ ಯಂತ್ರಕ್ಕೆ ಕೇಳದೆಯೇ ಎಲ್ಲವನ್ನೂ ಕೊಟ್ಟಿದೆ. ಅಳಿಯ ಎನ್ನದೆ ಇನ್ನೇನನ್ನಲಿ?

ನೋಡಲು ನಾಲ್ಕು ಬಾಗಿಲಿನ ಪುಟ್ಟ ಬೀರು. ರೋಗಿಯ ಕಫವನ್ನೋ ಮೈಯೊಳಗಿಂದ ತೆಗೆದ ನೀರನ್ನೋ ಒಂದು ಪ್ಲಾಸ್ಟಿಕ್ ಡಬ್ಬಿಗೆ ತುಂಬಿ ಬಾಗಿಲೊಳಗಿಟ್ಟರೆ, ಅದರಲ್ಲಿ ಟಿ.ಬಿ. ರೋಗಾಣು ಇದೆಯೋ ಇಲ್ಲವೋ ಎರಡು ಗಂಟೆಯೊಳಗೆ ಹೇಳುತ್ತಾನಂತೆ. ಮುಖ್ಯವಾದ ಮಾತ್ರೆ ಆ ರೋಗಾಣುವಿಗೆ ನಾಟುತ್ತದೋ ಇಲ್ಲವೋ ಎಂಬುದನ್ನೂ ಹೇಳುತ್ತಾನಂತೆ. ಕಂಪನಿಯ ಇಂಜಿನಿಯರ್ ಇದನ್ನೆಲ್ಲ ವಿವರಿಸುವಾಗ ಮದುವೆ ದಲ್ಲಾಳಿಯ ಮುಖ ಮಾಡಿಕೊಂಡಿದ್ದ.

"ಇನ್ಮೇಲೆ ನೀವು ಮೈಕ್ರೋಸ್ಕೋಪಲ್ಲಿ ಕಣ್ಣು ಹಾಳು ಮಾಡ್ಕೊಳ್ಳೋದು ಬೇಡ ಮೇಡಂ," ಎಂದ.

"ನನ್ನ ಕಣ್ಣು ಚೆನ್ನಾಗೇ ಇದೆಯಪ್ಪ. ನಿಮ್ಮ ಶರ್ಟಿನ ಮೂರನೇ ಗುಂಡಿ ಬೇರೆ ಬಣ್ಣದ ದಾರದಲ್ಲಿ ಹೊಲಿದಿರೋದು ಇಲ್ಲಿಂದಲೇ ಕಾಣ್ತಿದೆ," ಎಂದೆ.

ಹೋಗುವವರೆಗೂ ಆ ಗುಂಡಿಯ ಮೇಲೆ ಕೈ ಇಟ್ಟುಕೊಂಡೇ ಮಾತಾಡಿದ. ಈ ದಿನಚರಿ ಪುಸ್ತಕವೂ ಅವನದೇ, ಯಂತ್ರದ ಜೊತೆ ಉಚಿತ. ಮುಖಪುಟದಲ್ಲಿ ಅಳಿಯನ ಫೋಟೋ. ಡಿಸೆಂಬರ್ ಕೊನೆಗೆ ನನ್ನ ನಿವೃತ್ತಿ. ಅಲ್ಲಿಯವರೆಗೆ ಅಳಿಯನನ್ನು ಅವನ ಪುಸ್ತಕದಲ್ಲೇ ಬೈಯುವುದೆಂದು ತೀರ್ಮಾನಿಸಿದ್ದೇನೆ.

ಜೂನ್ 6, ಗುರುವಾರ

ಲ್ಯಾಬಿನ ಮುಖ್ಯಸ್ಥೆ, ಅಂದರೆ ನಮ್ಮ ಲ್ಯಾಬ್ ಡಾಕ್ಟರು, ನನ್ನನ್ನು ಕರೆದು ಒಂದು ಕೆಲಸ ಹೇಳಿದರು. ಎದೆ, ಹೊಟ್ಟೆ, ಹೃದಯದ ಸುತ್ತಲಿಂದ ತೆಗೆದ ನೀರು ಬಂದಾಗ ಅದರಲ್ಲಿ ಯಾರಿಗೆ ಯಾವ ಪಾಲು ಎಂದು ಬರೆದು ಗೋಡೆಗೆ ಅಂಟಿಸಬೇಕಂತೆ.

ನಮ್ಮಲ್ಲಿ ಪಾಲು ಮೊದಲಿನಿಂದಲೂ ಒಂದೇ. ನೀರನ್ನು ಸೆಂಟ್ರಿಫ್ಯೂಜಿನಲ್ಲಿಟ್ಟು ಗಿರಗಿರನೆ ತಿರುಗಿಸಿದರೆ ಭಾರವಾದದ್ದೆಲ್ಲ ತಳಕ್ಕೆ ಕೂರುತ್ತದೆ. ಮೇಲೆ ತಿಳಿ, ಕೆಳಗೆ ಗಸಿ. ತಿಳಿ ಯಂತ್ರಗಳಿಗೆ, ಏಕೆಂದರೆ ಗಸಿ ಹೋದರೆ ಅವುಗಳ ಸಣ್ಣ ಕೊಳವೆ ಕಟ್ಟಿಕೊಳ್ಳುತ್ತದೆ. ಗಸಿ ಮೈಕ್ರೋಸ್ಕೋಪಿಗೆ, ಅಂದರೆ ನನಗೆ.

ಹೊಸ ಅಳಿಯನಿಗೆ ಯಾವುದು? ಅರ್ಧ ನಿಮಿಷ ಯೋಚಿಸಿದೆ. ಅವನೂ ಯಂತ್ರವೇ ತಾನೇ. ಏಸಿಯಲ್ಲಿ ಕೂತು ತಿಳಿ ಕುಡಿಯಲಿ. ದಪ್ಪ ಅಕ್ಷರದಲ್ಲಿ ಬರೆದೆ: ತಿಳಿ ಯಂತ್ರಕ್ಕೆ, ಗಸಿ ಸ್ಲೈಡಿಗೆ. ಡಾಕ್ಟರು ಫೋನಿನಲ್ಲಿ ಮಾತಾಡುತ್ತಲೇ ಸಹಿ ಹಾಕಿದರು. ನನ್ನ ಅಕ್ಷರ ಈಗಲೂ ಎಷ್ಟು ದುಂಡಗಿದೆ ಎಂದು ಎರಡು ಸಲ ಹಿಂದೆ ಸರಿದು ನೋಡಿದೆ.

ಜೂನ್ 12, ಬುಧವಾರ

ನಾದಿನಿಯ ಉಸಿರು ಸರಿಯಿಲ್ಲ.

ಇವಳು ನಮ್ಮವರ ಒಬ್ಬಳೇ ತಂಗಿ. ಮದುವೆಯಾಗಲಿಲ್ಲ. ನಮ್ಮ ಮನೆಯ ಮಹಡಿಯ ಮೇಲೆ ಹೊಲಿಗೆ ಯಂತ್ರ ಇಟ್ಟುಕೊಂಡು ಅರ್ಧ ಬೀದಿಯ ಬಟ್ಟೆ ಹೊಲಿಯುತ್ತಾಳೆ. ನನಗೂ ಅವಳಿಗೂ ಮೂರು ವರ್ಷದಿಂದ ನೇರ ಮಾತಿಲ್ಲ. ನನಗೊಂದು ಲ್ಯಾಬ್ ಕೋಟು ಹೊಲಿದುಕೊಟ್ಟಳು, ಗುಂಡಿಗೂ ಕಾಜಾಕ್ಕೂ ಎರಡು ಇಂಚು ದೂರ. ಕೇಳಿದ್ದಕ್ಕೆ, "ಬದಲಾಗಿದ್ದು ನಿಮ್ಮ ಅಳತೆ ಅತ್ತಿಗೆ, ನನ್ನ ಟೇಪ್ ಅಲ್ಲ" ಎಂದಳು. ಅದಕ್ಕೂ ಹಿಂದಿನ ವಾರ ನಾನು ಅವಳು ಹೊಲಿದ ದಿಂಬಿನ ಚೀಲವನ್ನು ಲ್ಯಾಬಿಗೆ ಒಯ್ದು, ಮೈಕ್ರೋಸ್ಕೋಪಿನಡಿ ಇಟ್ಟು, ಹೊಲಿಗೆ ಏಳು ಕಡೆ ವಕ್ರ ಎಂದು ಬಂದು ಹೇಳಿದ್ದೆ. ಅದು ತಮಾಷೆ. ಅವಳದು ಅಹಂಕಾರ. ಕೋಟನ್ನು ಗುಂಡಿ ಹಾಕದೆಯೇ ತೊಡುತ್ತೇನೆ, ರಾತ್ರಿ ಅರ್ಧ ಹೊಟ್ಟೆ ಉಣ್ಣುತ್ತೇನೆ, ಮೂರು ವರ್ಷದಲ್ಲಿ ಆ ಎರಡು ಇಂಚು ಕಡಿಮೆಯಾಗಿಲ್ಲ.

ಇಬ್ಬರ ನಡುವೆ ಅಂಚೆ ಸಾಗಿಸುವುದು ನಮ್ಮವರ ಕೆಲಸ. ಇವತ್ತು ಅವಳು ಕೆಳಗಿಳಿದು ಬಂದು ಕುರ್ಚಿ ಹಿಡಿದು ನಿಂತಳು. ಪಾದ ಊದಿಕೊಂಡಿದೆ.

"ಅಣ್ಣ, ಅತ್ತಿಗೆಗೆ ಹೇಳು, ಈ ಮೆಟ್ಟಿಲು ಯಾಕೋ ಜಾಸ್ತಿಯಾಗಿವೆ."

"ನಿಮ್ಮ ತಂಗಿಗೆ ಹೇಳ್ರೀ, ಮನೆ ಕಟ್ಟಿದಾಗಿಂದ ಹದಿನಾಲ್ಕೇ ಇರೋದು," ಎಂದೆ.

ನಮ್ಮವರು ಅತ್ತ ಒಮ್ಮೆ ಇತ್ತ ಒಮ್ಮೆ ತಿರುಗಿದರು. ಅವಳು ಎಂದಿನಂತೆ ಎದುರುತ್ತರ ಕೊಡಲಿಲ್ಲ, ಕೊಡಲು ಉಸಿರಿರಲಿಲ್ಲ. ನನಗೆ ಗೆದ್ದ ಖುಷಿಯೇ ಆಗಲಿಲ್ಲ. ಅವಳ ಕತ್ತಿನ ನರ ಉಬ್ಬಿತ್ತು. ನಾಳೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದು ನಮ್ಮವರಿಗೆ ಹೇಳಿದ್ದೇನೆ.

ಜೂನ್ 14, ಶುಕ್ರವಾರ

ಅವಳನ್ನು ನಮ್ಮ ಆಸ್ಪತ್ರೆಯ ಎರಡನೇ ಮಹಡಿಯ ವಾರ್ಡಿಗೆ ಸೇರಿಸಿದೆವು. ಸ್ಕ್ಯಾನಿನಲ್ಲಿ ಹೃದಯದ ಸುತ್ತ ನೀರು ಕಂಡಿದೆ. ಹೃದಯದ ಡಾಕ್ಟರು ತಾಳ್ಮೆಯ ಮನುಷ್ಯ. ಅವಳ ಕಸುಬು ಕೇಳಿ ತಿಳಿದುಕೊಂಡು ಅವಳಿಗೆ ಅರ್ಥವಾಗುವಂತೆಯೇ ಹೇಳಿದರು.

"ಹೃದಯಕ್ಕೂ ಒಂದು ಕೋಟಿರುತ್ತಮ್ಮ, ತೆಳ್ಳಗಿನ ಚೀಲ. ಆ ಕೋಟಿಗೂ ಹೃದಯಕ್ಕೂ ನಡುವೆ ನೀರು ತುಂಬಿದೆ. ಹೃದಯಕ್ಕೆ ಅಗಲಿಸೋಕೆ ಜಾಗ ಇಲ್ಲ, ಅದಕ್ಕೇ ಈ ಉಸಿರುಗಟ್ಟೋದು."

"ಕೋಟು ಹೊಲಿದೋರು ಯಾರೋ ಅಳತೆ ತಪ್ಪಿದಾರೆ," ಎಂದಳು. ಎಂದವಳು ನನ್ನತ್ತ ನೋಡಲಿಲ್ಲ. ನಾನೂ ಕಿಟಕಿಯ ಕಡೆ ನೋಡುತ್ತಿದ್ದೆ.

ನಾಳೆ ಸೂಜಿ ಹಾಕಿ ನೀರು ತೆಗೆಯುತ್ತಾರೆ. ಟಿ.ಬಿ. ಆಗಿದ್ದರೆ ಆರು ತಿಂಗಳ ಮಾತ್ರೆ, ವಾಸಿಯಾಗುವ ದಾರಿ ಇದೆ. ಕ್ಯಾನ್ಸರ್ ಆಗಿದ್ದರೆ, ಡಾಕ್ಟರು ಆ ಮಾತನ್ನು ಪೂರ್ತಿ ಮಾಡಲಿಲ್ಲ.

ಹೊರಡುವಾಗ ಅವಳು ನಮ್ಮವರ ಕೈ ಹಿಡಿದು ಹೇಳಿದಳು. "ಅಣ್ಣ, ಅತ್ತಿಗೆಗೆ ಹೇಳು, ನನ್ನ ನೀರನ್ನ ಅವರೇ ನೋಡ್ಬೇಕು. ಬೇರೆ ಯಾರೂ ಮುಟ್ಟೋದು ಬೇಡ. ದಿಂಬಿನ ಚೀಲದಲ್ಲಿ ತಪ್ಪು ಹುಡುಕಿದೋರು ಇದರಲ್ಲೂ ಹುಡುಕ್ತಾರೆ."

ನಾನು ಅಲ್ಲೇ ಒಂದು ಮೊಳ ದೂರದಲ್ಲಿದ್ದೆ. ನಮ್ಮವರು ಪ್ರಾಮಾಣಿಕವಾಗಿ ತಿರುಗಿ ಎಲ್ಲವನ್ನೂ ಇನ್ನೊಮ್ಮೆ ಹೇಳಿದರು.

ಜೂನ್ 15, ಶನಿವಾರ

ಬೆಳಿಗ್ಗೆ ಹತ್ತಕ್ಕೆ ನೀರು ತೆಗೆದರು. ಮುಕ್ಕಾಲು ಲೀಟರಿಗೆ ಸ್ವಲ್ಪ ಕಡಿಮೆ. ಅದರಲ್ಲಿ ಒಂದು ಬಾಟಲಿ ಲ್ಯಾಬಿಗೆ ಬಂತು, ಕೆಂಪು ಬಣ್ಣ. ರಕ್ತ ಬೆರೆತ ನೀರು ಟಿ.ಬಿ.ಯಲ್ಲೂ ಬರಬಹುದು, ಕ್ಯಾನ್ಸರಿನಲ್ಲೂ ಬರಬಹುದು.

ಒಂದು ಟ್ಯೂಬಿನಷ್ಟನ್ನು ತಿರುಗಿಸಿದೆ. ಗೋಡೆಯ ಹಾಳೆಯಂತೆ ತಿಳಿ ಅಳಿಯನಿಗೆ, ಗಸಿ ನನಗೆ. ಅವನು ಎರಡು ಗಂಟೆ ಒಳಗೊಳಗೇ ಗುನುಗಿ ಹೇಳಿದ: ಇಲ್ಲ. ನಾನು ಮೂರು ಸ್ಲೈಡು ಮಾಡಿ, ಮೂಲೆ ಮೂಲೆ ಹುಡುಕಿ, ಕಣ್ಣಲ್ಲಿ ನೀರು ಬರುವವರೆಗೆ ನೋಡಿದೆ. ನನಗೂ ಏನೂ ಸಿಗಲಿಲ್ಲ.

ಅಳಿಯ ಸೋತರೆ ಖುಷಿಪಡಬೇಕೆಂದು ಹನ್ನೆರಡು ದಿನದಿಂದ ಕಾಯುತ್ತಿದ್ದೆ. ಇವತ್ತು ಅವನ ಪರದೆಯ ಮೇಲಿನ 'ಇಲ್ಲ' ನೋಡಿ ಹೊದಿಕೆ ಎಳೆದು ಅವನ ಮುಖಕ್ಕೆ ಹಾಕಿ ಬಂದೆ.

ಜೂನ್ 16, ಭಾನುವಾರ

ನನಗೆ ಭಯವಾಗಿದೆ. ಮಹಡಿಯ ಮೇಲೆ ಹೊಲಿಗೆ ಯಂತ್ರದ ಸದ್ದಿಲ್ಲ.

ಜೂನ್ 17, ಸೋಮವಾರ

ಹೃದಯದ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿ ಮಾತಾಡಿದರು. ನೀರು ಮತ್ತೆ ತುಂಬುತ್ತಿದೆ. ನೀರಿನ ರಾಸಾಯನಿಕ ಪರೀಕ್ಷೆ ಅತ್ತಲೂ ಇಲ್ಲ, ಇತ್ತಲೂ ಇಲ್ಲ ಎಂಬಂತೆ ಬಂದಿದೆ.

"ಹೃದಯದ ನೀರಲ್ಲಿ ರೋಗಾಣು ತುಂಬ ಕಮ್ಮಿ ಇರುತ್ತೆ. ಯಂತ್ರ ಇದೆ ಅಂದ್ರೆ ನಂಬಬಹುದು. ಇಲ್ಲ ಅಂದ್ರೆ ಖಂಡಿತ ಇಲ್ಲ ಅಂತಲ್ಲ. ಬೆಳೆಸಿ ನೋಡೋ ಪರೀಕ್ಷೆಗೆ ಆರು ವಾರ ಬೇಕು, ಅಷ್ಟು ಸಮಯ ನಮಗಿಲ್ಲ. ಗುರುವಾರ ಎದೆ ತೆರೆದು ಆ ಚೀಲದ ಒಂದು ತುಂಡು ತೆಗೀಬೇಕಾಗುತ್ತೆ," ಎಂದರು.

"ತಡ್ಕೊಳ್ತಾಳಾ?" ಎಂದು ನಮ್ಮವರು ಕೇಳಿದರು.

ಡಾಕ್ಟರು ತಮ್ಮ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರು. ಇಪ್ಪತ್ತೊಂಬತ್ತು ವರ್ಷದಿಂದ ಡಾಕ್ಟರುಗಳನ್ನು ನೋಡಿದ್ದೇನೆ, ಪೆನ್ನಿನ ಮುಚ್ಚಳದ ಅರ್ಥ ನನಗೆ ಗೊತ್ತು.

ಜೂನ್ 18, ಮಂಗಳವಾರ

ಎಲ್ಲವನ್ನೂ ಬರೆಯಬೇಕು, ಬರೆಯದಿದ್ದರೆ ನಾಳೆ ನನಗೆ ಬೇಕಾದಂತೆ ನೆನಪಿಟ್ಟುಕೊಳ್ಳುತ್ತೇನೆ.

ಬೆಳಿಗ್ಗೆ ಬೈಯಲು ಯಾರಾದರೂ ಬೇಕಾಗಿತ್ತು. ಕಂಪನಿಯ ಇಂಜಿನಿಯರಿಗೆ ಫೋನ್ ಮಾಡಿದೆ. ನಿಮ್ಮ ಯಂತ್ರಕ್ಕೆ ಕಣ್ಣಿಲ್ಲ, ಏಸಿ ದಂಡ, ಹೀಗೆ ಬಾಯಿಗೆ ಬಂದದ್ದೆಲ್ಲ ಅಂದೆ. ಅವನು ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದ.

"ಮೇಡಂ, ತಿರುಗಿಸಿದ ಮೇಲೆ ಯಾವ ಭಾಗ ಹಾಕಿದ್ರಿ?"

"ತಿಳಿ. ಯಂತ್ರಕ್ಕೆ ತಿಳಿನೇ ತಾನೇ ಹಾಕೋದು?"

"ಅಲ್ಲ ಮೇಡಂ... ತಿರುಗಿಸಿದಾಗ ರೋಗಾಣು ತಳಕ್ಕೆ ಹೋಗುತ್ತಲ್ವಾ? ಇದಕ್ಕೆ ಗಸಿ ಹಾಕ್ಬೇಕು. ಕೊಳವೆ ಕಟ್ಟಿಕೊಳ್ಳೋ ಯಂತ್ರ ಅಲ್ಲ ಇದು. ಯಂತ್ರದ ಜೊತೆ ಕೊಟ್ಟ ಕೈಪಿಡೀಲಿ ಬರೆದಿದೆ."

ಆ ಕೈಪಿಡಿಯನ್ನು ಮೇಜು ಅಲುಗಾಡದಿರಲೆಂದು ಅದರ ಕಾಲಿನಡಿ ಇಟ್ಟವಳು ನಾನೇ. ತೆಗೆದು ನೋಡಿದೆ. ಹಾಗೇ ಬರೆದಿತ್ತು. ತಲೆ ಎತ್ತಿದರೆ ಗೋಡೆಯ ಮೇಲೆ ನನ್ನದೇ ದುಂಡನೆಯ ಅಕ್ಷರ. ರೋಗಾಣು ತಳದಲ್ಲಿರುತ್ತದೆಂದು ನನಗೆ ಗೊತ್ತಿರಲಿಲ್ಲವೇ? ಇಪ್ಪತ್ತೊಂಬತ್ತು ವರ್ಷ ಅದಕ್ಕೇ ಅಲ್ಲವೇ ಗಸಿಯನ್ನು ಯಾರಿಗೂ ಬಿಟ್ಟುಕೊಡದೆ ನಾನಿಟ್ಟುಕೊಂಡದ್ದು? ಅವನಿಗೆ ಒಳ್ಳೆಯ ಪಾಲು ಕೊಡಬಾರದೆಂಬ ಹೊಟ್ಟೆಕಿಚ್ಚಿನಲ್ಲಿ ಆ ಅರ್ಧ ನಿಮಿಷ ಯೋಚಿಸಿದ್ದೆ. ಅದು ನನ್ನ ನಾದಿನಿಯ ಎದೆಯ ಮೇಲೆ ಬಂದು ಕೂತಿತ್ತು.

ಗಸಿಯನ್ನೆಲ್ಲ ಸ್ಲೈಡಿಗೆ ಬಳಿದು ಮುಗಿಸಿದ್ದೆ. ಆದರೆ ಬಾಟಲಿಯಲ್ಲಿ ತಿರುಗಿಸದ ನೀರು ಉಳಿದಿರಬೇಕು. ನನಗೆ ಬಿಸಾಡದ ರೋಗವಿದೆ. ಮಿಕ್ಕಿದ್ದನ್ನೆಲ್ಲ ಫ್ರಿಜ್ಜಿನ ಹಿಂದಿನ ಸಾಲಿನಲ್ಲಿ, ಯಾರ ಕೈಗೂ ಸಿಗದಂತೆ ಬಚ್ಚಿಡುತ್ತೇನೆ. ಲ್ಯಾಬ್ ಡಾಕ್ಟರು ಇದಕ್ಕಾಗಿ ತಿಂಗಳಿಗೊಮ್ಮೆ ಬೈಯುತ್ತಾರೆ. ಬಾಟಲಿ ಅಲ್ಲೇ ಇತ್ತು, ಮುಕ್ಕಾಲು ತುಂಬಿ.

ಡಾಕ್ಟರ ಮುಂದೆ ಹೋಗಿ ನಿಂತೆ. "ತಪ್ಪು ಬರೆದಿದ್ದೀನಿ ಡಾಕ್ಟ್ರೇ. ಬೇಕಂತ ಅಲ್ಲ. ಹಾಗಂತ ಪೂರ್ತಿ ಗೊತ್ತಿಲ್ದೇನೂ ಅಲ್ಲ."

ಅವರು ಎದ್ದುಹೋಗಿ ಗೋಡೆಯ ಹಾಳೆ ನೋಡಿದರು. "ಓದದೆ ಸಹಿ ಹಾಕಿದ್ದು ನಾನು. ಬೈಗುಳ ಆಮೇಲೆ ಹಂಚಿಕೊಳ್ಳೋಣ. ಮೊದಲು ತಿರುಗಿಸಿ," ಎಂದರು.

ಮಿಕ್ಕ ಅಷ್ಟನ್ನೂ ತಿರುಗಿಸಿದೆ. ನಾಲ್ಕು ಟ್ಯೂಬಿನ ತಳದ ಗಸಿಯನ್ನು ಒಟ್ಟುಗೂಡಿಸಿ, ಒಂದು ಹನಿಯನ್ನೂ ನನಗೆಂದು ಇಟ್ಟುಕೊಳ್ಳದೆ ಡಬ್ಬಿಗೆ ಹಾಕಿ ಬಾಗಿಲು ಮುಚ್ಚಿದೆ. ಆಮೇಲೆ ಅವನೆದುರು ಸ್ಟೂಲು ಹಾಕಿಕೊಂಡು ಕೂತೆ. "ಅಳಿಯಂದಿರೇ, ಆದದ್ದು ಆಯ್ತು. ನನ್ನ ಮೇಲಿನ ಸಿಟ್ಟು ಅವಳ ಮೇಲೆ ತೀರಿಸ್ಬೇಡಿ," ಎಂದೆ. ರೂಮಿನಲ್ಲಿ ಯಾರೂ ಇರಲಿಲ್ಲ, ಇದ್ದಿದ್ದರೆ ಹೇಳುತ್ತಿರಲಿಲ್ಲ.

ಒಂದು ಗಂಟೆ ಐವತ್ತು ನಿಮಿಷಕ್ಕೆ ಪರದೆಯ ಮೇಲೆ ಬಂತು. ರೋಗಾಣು ಇದೆ, ತುಂಬ ಸ್ವಲ್ಪ. ಮಾತ್ರೆ ನಾಟುತ್ತದೆ. ಡಾಕ್ಟರಿಗೆ ತೋರಿಸಿ, ಅವರು ಹೃದಯದ ಡಾಕ್ಟರಿಗೆ ಫೋನ್ ಮಾಡಿದ್ದನ್ನು ಕಿವಿಯಾರೆ ಕೇಳಿ, ಲಿಫ್ಟಿಗೂ ಕಾಯದೆ ಎರಡು ಮಹಡಿ ಹತ್ತಿದೆ. ನಮ್ಮವರು ಹಾಸಿಗೆಯ ಪಕ್ಕ ಕೂತಿದ್ದರು.

"ಸಿಕ್ತು ಕಣೇ! ಟಿ.ಬಿ.! ಬರೀ ಟಿ.ಬಿ.!" ಎಂದು ಕೂಗಿದೆ. ವಾರ್ಡಿನವರೆಲ್ಲ ನನ್ನನ್ನು ಹುಚ್ಚಿಯಂತೆ ನೋಡಿದರು.

"ಎದೆ ಕೊಯ್ಯೋದು?" ಎಂದಳು.

"ಅದನ್ನ ಕೈಬಿಟ್ರು. ಆರು ತಿಂಗಳು ಮಾತ್ರೆ ನುಂಗು, ಸಾಕು."

"ಅತ್ತಿಗೆ, ಅಳ್ತಿದ್ದೀರಾ?"

"ಮೆಟ್ಟಿಲು ಹತ್ತಿ ಬಂದೆನಲ್ಲ, ಬೆವರು."

ನಮ್ಮವರು ಎದ್ದು ನಿಂತು, "ಹಾಗಾದ್ರೆ ನನಗಿನ್ನು ಕೆಲಸ ಇಲ್ಲ ಅನ್ನಿ," ಎಂದು ಮುಖ ಇಷ್ಟಗಲ ಮಾಡಿಕೊಂಡು ಹೊರಗೆ ಹೋದರು. ಯಾಕೆ ಹಾಗೆಂದರೋ ತಿಳಿಯಲಿಲ್ಲ. ಪಾಪ, ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ.

ಜೂನ್ 20, ಗುರುವಾರ

ಆ ಹಾಳೆ ಅಂಟಿಸಿದ ಮೇಲೆ ಬಂದ ನೀರಿನ ಮಾದರಿಗಳನ್ನು ರಿಜಿಸ್ಟರಿನಲ್ಲಿ ಹುಡುಕಿದೆವು. ಇನ್ನೂ ಒಂಬತ್ತು. ಏಳರದ್ದು ಫ್ರಿಜ್ಜಿನ ಹಿಂದಿನ ಸಾಲಿನಲ್ಲಿತ್ತು, ಉಳಿದಿಬ್ಬರನ್ನು ಫೋನ್ ಮಾಡಿ ಕರೆಸಿದೆವು. ಎಲ್ಲದರ ಗಸಿಯನ್ನೂ ಹಾಕಿದೆ. ಒಬ್ಬ ಬಸ್ ಡ್ರೈವರಿನ ಎದೆಯ ನೀರಿನಲ್ಲಿ ಟಿ.ಬಿ. ಸಿಕ್ಕಿತು. ಅವನಿಗೆ ನಾನೇ ಫೋನ್ ಮಾಡಿ ತಪ್ಪು ನಮ್ಮದೆಂದು ಹೇಳಿದೆ. ಬೈಯುತ್ತಾನೆಂದು ಕಾದೆ. "ಈಗ್ಲಾದ್ರೂ ಗೊತ್ತಾಯ್ತಲ್ಲಮ್ಮ," ಎಂದ. ಬೈದಿದ್ದರೆ ವಾಸಿಯಿತ್ತು.

ಬಚ್ಚಿಡುವುದಕ್ಕೆ ಲ್ಯಾಬ್ ಡಾಕ್ಟರು ಇವತ್ತು ಬೈಯಲಿಲ್ಲ. ಅಳಿಯನ ರೂಮಿನ ಏಸಿ ಜಾಸ್ತಿಯಾಗಿತ್ತು, ಸ್ವಲ್ಪ ಕಡಿಮೆ ಮಾಡಿ ಬಂದೆ. ಯಂತ್ರ ಕೆಡಬಾರದೆಂದು, ಅಷ್ಟೇ.

ನಾದಿನಿಗೆ ಹಾಳೆಯ ವಿಷಯ ಹೇಳಿಲ್ಲ. ನಾಳೆ ಹೇಳುತ್ತೇನೆ.

ಜೂನ್ 28, ಶುಕ್ರವಾರ

ಮನೆಗೆ ಕರೆತಂದೆವು. ಎರಡನೇ ಸಲ ನೀರು ತೆಗೆದ ಮೇಲೆ ಮತ್ತೆ ತುಂಬಿಲ್ಲ. ಆದರೆ ಕೆಲವರಿಗೆ ಮುಂದೆ ಆ ಚೀಲ ದಪ್ಪಗಾಗಿ ಹೃದಯವನ್ನು ಬಿಗಿಯುತ್ತದಂತೆ, ಆಗ ಆಪರೇಷನ್ನೇ ಗತಿ. ಮಾತ್ರೆ ಮುಗಿದ ಮೇಲಿನ ಸ್ಕ್ಯಾನ್ ನೋಡುವವರೆಗೂ ಧೈರ್ಯ ಹೇಳುವಂತಿಲ್ಲ.

ಮಾತ್ರೆ ಶುರುವಾದ ಮೊದಲ ದಿನವೇ ವಾರ್ಡಿನ ಬಚ್ಚಲಿನಿಂದ ಚೀರಿದ್ದಳಂತೆ. ಮಾತ್ರೆಗೆ ಮೂತ್ರ ಕಿತ್ತಳೆ ಬಣ್ಣ ಬರುತ್ತದೆ. ಮೊದಲೇ ತಿಳಿಸುವ ಕೆಲಸ ನನ್ನದಾಗಿತ್ತು, ಮರೆತೆ. ಬೇಕೆಂದೇ ಮರೆತೆ. ಬೈಯುವಷ್ಟು ಉಸಿರು ಬಂದಿದೆಯೇ ಎಂದು ನೋಡಬೇಕಿತ್ತು. ಬಂದಿದೆ, ಇಡೀ ವಾರ್ಡಿಗೆ ಕೇಳಿಸುವಷ್ಟು.

ಹಾಳೆಯ ವಿಷಯ ನಾಳೆ.

ಜುಲೈ 4, ಗುರುವಾರ

ಹೇಳಿದೆ. ಸಂಜೆ ಹದಿನಾಲ್ಕು ಮೆಟ್ಟಿಲು ಹತ್ತಿ ಹೋದೆ. ಅವಳು ಹೊಲಿಗೆ ಯಂತ್ರದ ಮುಂದೆ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಳು. ಗೋಡೆಯಿಂದ ಕಿತ್ತ ಹಾಳೆಯನ್ನು ಅವಳ ಮುಂದಿಟ್ಟೆ.

"ನಿನ್ನ ಎದೆ ಕೊಯ್ಯೋಕೆ ದಿನ ಗೊತ್ತಾಗಿತ್ತಲ್ಲ, ಅದಕ್ಕೆ ಕಾರಣ ನಾನು. ಒಳ್ಳೇ ಪಾಲು ನಾನಿಟ್ಕೊಂಡು ಯಂತ್ರಕ್ಕೆ ಬರೀ ನೀರು ಕೊಟ್ಟೆ."

ಅವಳು ಹಾಳೆಯನ್ನು ಎರಡು ಸಲ ಓದಿದಳು. "ಗೊತ್ತಾಗಿ ಎಷ್ಟು ದಿನ ಆಯ್ತು?"

"ಹದಿನಾರು."

"ಹದಿನಾರು ದಿನ ಹೊಟ್ಟೇಲಿ ಇಟ್ಕೊಂಡ್ರಾ? ಅಷ್ಟೇನಾ? ನಾನು ಮೂರು ವರ್ಷ ಇಟ್ಕೊಂಡಿದ್ದೀನಿ."

"ಏನನ್ನ?"

"ಆ ಕೋಟು. ನಿಮ್ಮ ಅಳತೆ ಸರಿಯಾಗೇ ಇತ್ತು ಅತ್ತಿಗೆ. ಹೊಲಿದು ಮುಗಿಸಿದ ಮೇಲೆ ಬೇಕಂತಲೇ ಅಂಚು ಬಿಚ್ಚಿ ಎರಡಿಂಚು ಕತ್ತರಿಸ್ದೆ. ದಿಂಬಿನ ಚೀಲದ ಸಿಟ್ಟಿಗೆ."

ಮೂರು ವರ್ಷ! ಮೂರು ವರ್ಷ ನಾನು ಅರ್ಧ ಹೊಟ್ಟೆ ಉಂಡಿದ್ದೇನೆ! ಕೂಗಾಡಿದೆ. ಅವಳು ನಕ್ಕಳು, ನಕ್ಕು ಕೆಮ್ಮಿದಳು, ಕೆಮ್ಮಿದ್ದಕ್ಕೆ ಬೈದು ನೀರು ಕುಡಿಸಿದೆ. ರಾತ್ರಿ ಎರಡನೇ ಸಲ ಬಡಿಸಿಕೊಂಡೆ.

ಜುಲೈ 10, ಬುಧವಾರ

ಹೊಸ ಕೋಟು ಬಂತು. ಗುಂಡಿಗಳೆಲ್ಲ ಕಾಜಾದೊಳಗೆ ನುಣ್ಣಗೆ ಕೂತವು. ಕೈ ಹಾಕಿದರೆ ಎಡಗಡೆಯ ಜೇಬಿಗೆ ಬಾಯಿಯೇ ಇಲ್ಲ, ಒತ್ತೊತ್ತಾಗಿ ಹೊಲಿದುಬಿಟ್ಟಿದ್ದಾಳೆ. ಮೇಲಿನಿಂದ ಒತ್ತಿದರೆ ಒಳಗೆ ಮೆತ್ತಗೆ ಏನೋ ಸಿಕ್ಕುತ್ತದೆ.

"ಇದೇನೇ?"

"ಕ್ಷಮಿಸಿದ್ದೀನಿ. ಆದ್ರೆ ಪೂರ್ತಿ ಅಲ್ಲ. ಮಾತ್ರೆ ಮುಗಿದ ದಿನ ಬಿಚ್ಚಿಕೊಡ್ತೀನಿ. ಅಲ್ಲೀವರೆಗೂ ನಾನು ದಿನಾ ಮಾತ್ರೆ ನುಂಗಿದ್ನಾ ಅಂತ ನೋಡ್ಕೊಳ್ಳಿ. ಜೇಬು ಬೇಕಲ್ಲ ನಿಮಗೆ."

"ನೀನು ಅಲ್ಲೀವರೆಗೂ..." ಎಂದವಳು ನಾಲಿಗೆ ಕಚ್ಚಿಕೊಂಡೆ.

"ಇರ್ತೀನಿ ಬಿಡಿ. ನನ್ನ ಹೊಲಿಗೇನ ಬೇರೆಯವರ ಕೈಲಿ ಬಿಚ್ಚಿಸೋಕೆ ಬಿಡ್ತೀನಾ?" ಎಂದಳು.

ದಿನಾ ಬೆಳಿಗ್ಗೆ ಅವಳು ಮಾತ್ರೆ ನುಂಗುವುದನ್ನು ಹದ್ದಿನಂತೆ ನೋಡುತ್ತೇನೆ. ನುಂಗಿದ ಮೇಲೆ ನಾಲಿಗೆ ಚಾಚಿ ತೋರಿಸುತ್ತಾಳೆ, ಅದರಲ್ಲೂ ಅಣಕ.

ಡಿಸೆಂಬರ್ 18, ಬುಧವಾರ

ಇಷ್ಟು ದಿನ ಬರೆಯಲಿಲ್ಲ. ಅಳಿಯನನ್ನು ಬೈಯಲು ವಿಷಯವೇ ಸಿಗಲಿಲ್ಲ.

ನಿನ್ನೆ ಕೊನೆಯ ಮಾತ್ರೆ, ಇವತ್ತು ಸ್ಕ್ಯಾನ್. ಹೃದಯದ ಡಾಕ್ಟರು ಬಹಳ ಹೊತ್ತು ಪರದೆ ನೋಡಿದರು. ನಾನು ಅವರ ಪೆನ್ನನ್ನೇ ನೋಡುತ್ತಿದ್ದೆ. ಅದು ಜೇಬಿನಲ್ಲೇ ಇತ್ತು.

"ನೀರಿಲ್ಲ. ಚೀಲ ತೆಳ್ಳಗೇ ಇದೆ. ಹೃದಯದ ಕೋಟು ಈಗ ಸರಿಯಾದ ಅಳತೇಲಿದೆಯಮ್ಮ," ಎಂದರು.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಅವಳು ಕತ್ತರಿ ಕೇಳಿದಳು. ಕೋಟು ನನ್ನ ಮೈಮೇಲಿದ್ದಂತೆಯೇ ಜೇಬಿನ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿದಳು. ನಿವೃತ್ತಿಗೆ ಇನ್ನು ಹದಿಮೂರು ದಿನ, ಜೇಬಿನಲ್ಲಿ ಏನಿಟ್ಟುಕೊಳ್ಳಲಿ ಎಂದು ನಾನು ಗೊಣಗಿದೆ. ಕೈ ಹಾಕಿ ನೋಡಿ ಎಂದಳು.

ಮಡಿಸಿಟ್ಟ ಒಂದು ಬಟ್ಟೆಯ ಪಟ್ಟಿ. ಬಿಳಿಯದು, ಅಂಚು ಸ್ವಲ್ಪ ಹಳದಿಗಟ್ಟಿತ್ತು. ಹಳೆಯ ಕೋಟಿನಿಂದ ಕತ್ತರಿಸಿದ ಆ ಎರಡು ಇಂಚು. ಮೂರು ವರ್ಷಕ್ಕೂ ಮೇಲೆ ಎಲ್ಲಿ ಬಚ್ಚಿಟ್ಟಿದ್ದಳೋ.

ಬಿಸಾಡದ ರೋಗ ಈ ಮನೆಯಲ್ಲಿ ನನಗೊಬ್ಬಳಿಗೇ ಇದೆ ಎಂದುಕೊಂಡಿದ್ದೆ.